ಹಾರಿಹೋದ ಪಾದರಸ ಎಲ್ಲಿಗೂ ಹೋಗಿಲ್ಲ

ಟ್ಯೂಬ್‌ಲೈಟ್ ಒಡೆದು ತಿಪ್ಪೆಗೆ ಎಸೆಯುವಾಗ ಕೇಳಿ ನೋಡಿ, 'ಅದರಲ್ಲಿರೋ ಪಾದರಸ ಗಾಳಿಗೆ ಹೋಗುತ್ತೆ ಬಿಡಿ' ಅಂತಾರೆ. ಬಿಡೋಕೆ ನಾವು ತಯಾರಿಲ್ಲ. ಗಾಳಿ ಯಾರ ತಿಪ್ಪೆಯೂ ಅಲ್ಲ.

ಲೆಕ್ಕ ಸುಲಭ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ತುಂಬಿದಾಗ ದಿನಕ್ಕೆ ಅರ್ಧ ಟಿಎಂಸಿ ಬಂದು, ಅಷ್ಟೇ ಹೊರಗೆ ಹೋದರೆ, ಆ ನೀರು ಸರಾಸರಿ 74 ದಿನ ಅಲ್ಲಿರುತ್ತದೆ. ವಿಜ್ಞಾನಿಗಳದ್ದೂ ಇದೇ ಲೆಕ್ಕ: ಗಾಳಿಯಲ್ಲಿರುವ ಪಾದರಸ ಎಷ್ಟು, ವರ್ಷಕ್ಕೆ ಕೆಳಗಿಳಿಯುವುದು ಎಷ್ಟು, ಭಾಗಿಸು. ಕೆಲವು ಮಾದರಿಗಳು ಸುಮಾರು ಆರು ತಿಂಗಳು ಅಂದರೆ, ಕೆಲವು ಒಂದು ವರ್ಷದ ಹತ್ತಿರ ಅನ್ನುತ್ತವೆ.

'ನೋಡಿ, ಅವರಿಗೇ ಒಮ್ಮತವಿಲ್ಲ' ಅನ್ನುವವರಿಗೆ ನಮ್ಮ ಉತ್ತರ: ಗಾಳಿಗೆ ಭೂಮಿ ಸುತ್ತಲು ಕೆಲವು ವಾರ ಸಾಕು. ಆರೇ ತಿಂಗಳಾದರೂ ರಾಯಚೂರಿನ ಕಲ್ಲಿದ್ದಲ ಹೊಗೆ, ಚೀನಾದ ಹೊಗೆ, ನಮ್ಮೂರ ಒಡೆದ ಬಲ್ಬು ಎಲ್ಲವೂ ಒಂದೇ ಗಾಳಿಯಲ್ಲಿ ಕಲೆಯುತ್ತವೆ. ಮಳೆ ಅದನ್ನು ಅರಕಲಗೂಡಿನ ಕೆರೆಗೂ ಇಳಿಸುತ್ತದೆ.

ಇಳಿದರೆ ಮುಗಿಯಿತೇ? ಪಾದರಸ ಮೂಲವಸ್ತು, ಕೊಳೆಯುವುದಿಲ್ಲ. ಒಂದಿಷ್ಟು ಮಣ್ಣು, ನೀರಿನಿಂದ ಮತ್ತೆ ಗಾಳಿಗೇರುತ್ತದೆ. ಉಳಿದದ್ದರಲ್ಲಿ ಒಂದಿಷ್ಟನ್ನು ಕೆರೆಯ ಕೆಸರಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸ ಮಾಡುತ್ತವೆ. ಅದು ಮೀನು ಸೇರಿ, ಬಸುರಿಯ ಊಟ ಸೇರಿ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಹೋಗುತ್ತದೆ.

ನಮ್ಮ ಜಿಲ್ಲೆಗೆ ಇದು ದೂರದ ಕತೆಯಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಎಂಇಎಂಸಿ ಎಂಬ ಪಾದರಸದ ಶಿಲೀಂಧ್ರನಾಶಕವನ್ನು ನಿಷೇಧಿಸಿ, ಎರಡೇ ಬೆಳೆಯ ಬೀಜೋಪಚಾರಕ್ಕೆ ರಿಯಾಯಿತಿ ಕೊಟ್ಟಿತು: ಆಲೂಗಡ್ಡೆ, ಕಬ್ಬು. ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಬ್ಬು ಬೆಳೆಯುವ ನಮಗೆ ಇದಕ್ಕಿಂತ ಹೆಚ್ಚು ಹೇಳಬೇಕೆ? ಪೂರ್ತಿ ನಿಷೇಧಕ್ಕೆ 2018ರವರೆಗೆ ಕಾಯಬೇಕಾಯಿತು. ರೈತ ತಪ್ಪು ಮಾಡಲಿಲ್ಲ, ಕಾನೂನು ಬಿಟ್ಟದ್ದನ್ನು ಬಳಸಿದ. ಬಿಟ್ಟವರು ಮಣ್ಣು ಪರೀಕ್ಷೆ ಮಾಡಿಸಿಕೊಡಲಿ.

ಇ-ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ವಿಲೇವಾರಿಯ ಹೊಣೆ ತಯಾರಿಸಿದ ಕಂಪನಿಗಳದ್ದೂ ಹೌದು. ನಿಮ್ಮೂರಲ್ಲಿ ವಾಪಸ್ ಪಡೆಯುವ ಡಬ್ಬಿ ನೋಡಿದವರು ಕೈ ಎತ್ತಿ!

ಮುಂದಿನ ಗ್ರಾಮಸಭೆಯಲ್ಲಿ ಎರಡು ಕೇಳೋಣ. ಪಂಚಾಯಿತಿಗೊಂದು ಡಬ್ಬಿ. ಅಟ್ಟದ ಮೇಲೆ ಉಳಿದಿರುವ ಹಳೆಯ ಔಷಧಿ ಪೊಟ್ಟಣಗಳನ್ನು ವಾಪಸ್ ಪಡೆಯಲು ಒಂದು ದಿನ. ಅಲ್ಲಿಯವರೆಗೆ ಬಲ್ಬು ಒಡೆಯಬೇಡಿ, ರಟ್ಟಿನಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಇಡಿ.