ಹತ್ತು ಮನೆ, ಹತ್ತು ರೂಪಾಯಿ, ಒಬ್ಬಳು ಹೆಣ್ಣುಮಗಳು

ಮತ್ತೊಮ್ಮೆ ಮೊಂತಿ ಹಬ್ಬ ಬಂದಿದೆ. ನೊವೇನಾದ ಒಂಬತ್ತು ದಿನಗಳಲ್ಲಿ ಬುಟ್ಟಿ ತುಂಬ ಹೂವು ಹಿಡಿದು ಬಾಲೆ ಮರಿಯಮ್ಮನವರ ಪ್ರತಿಮೆಯ ಮುಂದೆ ಸಾಲುಗಟ್ಟುವ ಪುಟ್ಟ ಮಕ್ಕಳನ್ನು ಕಾಣುವುದೇ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಒಂದು ಸಂಭ್ರಮ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಮಾತೆ ಮರಿಯಳ ಜನನದ ಈ ಸೆಪ್ಟೆಂಬರ್ 8ನೆಯ ದಿನವನ್ನೇ ಭಾರತದ ಧರ್ಮಸಭೆಯು ಹೆಣ್ಣುಮಗುವಿನ ದಿನವನ್ನಾಗಿಯೂ ಆಚರಿಸುತ್ತ ಬಂದಿದೆ. ಆದುದರಿಂದ ಹಬ್ಬದ ಸಡಗರದ ನಡುವೆ ನಾವು ಕೇಳಿಕೊಳ್ಳಲೇಬೇಕಾದ ಒಂದು ಪ್ರಶ್ನೆಯಿದೆ. ಇಂದು ಹೂವು ಹಿಡಿದು ನಿಂತಿರುವ ಈ ಬಾಲಕಿಯರಲ್ಲಿ ಎಷ್ಟು ಮಂದಿ ತಮ್ಮ ಹದಿನೇಳನೆಯ ವಯಸ್ಸಿನಲ್ಲಿಯೂ ಪುಸ್ತಕ ಹಿಡಿದು ತರಗತಿಯಲ್ಲಿ ಕುಳಿತಿರುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಮ್ಮ ಅಜ್ಜಿಯಂದಿರು ಅಕ್ಷರ ಕಲಿತದ್ದು ಯಾರ ಹಣದಿಂದ ಎಂಬುದನ್ನು ಸ್ಮರಿಸುವುದು ಉಚಿತ.

ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ಉದ್ಯಮಿಯೊಬ್ಬರ ಮಗಳು ಪೌಲೀನ್ ಜಾರಿಕೊ. 1799ರಲ್ಲಿ ಜನಿಸಿದ ಆಕೆ ಇನ್ನೂ ತರುಣಿಯಾಗಿದ್ದಾಗಲೇ ಒಂದು ಸರಳ ಯೋಜನೆಯನ್ನು ರೂಪಿಸಿದಳು. ಹತ್ತು ಮಂದಿಯ ಒಂದು ಗುಂಪು. ಪ್ರತಿಯೊಬ್ಬರೂ ದಿನಕ್ಕೊಂದು ಪ್ರಾರ್ಥನೆ ಸಲ್ಲಿಸಬೇಕು, ವಾರಕ್ಕೊಂದು ಸೂ ನಾಣ್ಯ ಕೊಡಬೇಕು. ಸೂ ಎಂದರೆ ಆ ದೇಶದ ಚಿಲ್ಲರೆ ಕಾಸು. ಹತ್ತು ಗುಂಪುಗಳು ಸೇರಿ ನೂರು, ನೂರರ ಗುಂಪುಗಳು ಹತ್ತು ಸೇರಿ ಸಾವಿರ. ಮೊದಲು ಈ ಕಾಸು ಕೊಟ್ಟವರಲ್ಲಿ ರೇಷ್ಮೆ ಕಾರ್ಖಾನೆಯಲ್ಲಿ ಕೂಲಿಗೆ ದುಡಿಯುತ್ತಿದ್ದ ಹೆಣ್ಣುಮಕ್ಕಳೂ ಇದ್ದರು. 1822ರಲ್ಲಿ ಇದರಿಂದಲೇ ವಿಶ್ವಾಸ ಪ್ರಸಾರ ಸಂಘವು ಹುಟ್ಟಿಕೊಂಡಿತು. ಅದರ ನೆರವು ಭಾರತದ ಮಿಶನ್ ಕ್ಷೇತ್ರಗಳನ್ನೂ ತಲುಪಿತು. ಆ ನಗರದ ರೇಷ್ಮೆ ನೇಕಾರರು ಕೂಲಿ ಸಾಲದೆ 1831ರಲ್ಲಿಯೂ 1834ರಲ್ಲಿಯೂ ದಂಗೆಯೆದ್ದರು ಎಂಬುದನ್ನು ಗಮನಿಸಿದರೆ, ಅಲ್ಲಿನ ಬಡವರು ಕೊಟ್ಟ ಕಾಸಿನ ಬೆಲೆ ಎಷ್ಟೆಂಬುದು ಅರಿವಾಗುತ್ತದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ಪ್ರಭು ಯೇಸು ಕೊಂಡಾಡಿದ್ದು ಇಂತಹ ದಾನಕ್ಕಾಗಿಯೇ.

ಮಂಗಳೂರಿಗೆ ಹೆಣ್ಣುಮಕ್ಕಳ ಶಿಕ್ಷಣವನ್ನು ತಂದ ಧರ್ಮಭಗಿನಿಯರೂ ಅದೇ ಫ್ರಾನ್ಸ್ ದೇಶದಿಂದಲೇ ಬಂದವರು. ಮಾತೆ ವೆರೋನಿಕಾರವರು 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಧರ್ಮಾಧ್ಯಕ್ಷ ಮರಿ ಎಫ್ರೆಮ್‌ರವರ ಕರೆಗೆ ಓಗೊಟ್ಟು ಆ ಸಭೆಯ ಭಗಿನಿಯರು 1870ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಬಂದಿಳಿದರು. ಅವರಿಂದ ಸಂತ ಆ್ಯನ್ಸ್ ಶಾಲೆ ಬೆಳೆಯಿತು. 1921ರಲ್ಲಿ ಸಂತ ಆ್ಯಗ್ನೆಸ್ ಕಾಲೇಜು ಆರಂಭವಾಯಿತು. ಅದೇ 1921ರಲ್ಲಿ ಬೆಂದೂರಿನ ವಿಗಾರರಾಗಿದ್ದ ಸ್ವಾಮಿ ರೇಮಂಡ್ ಮಸ್ಕರೇನ್ಹಸ್‌ರವರು ನಮ್ಮದೇ ಊರಿನ ನಾಲ್ವರು ಯುವತಿಯರೊಂದಿಗೆ ಬೆಥನಿ ಸಭೆಯನ್ನು ಪ್ರಾರಂಭಿಸಿದರು. ಪರದೇಶದ ಭಗಿನಿಯರು ಬಿತ್ತಿದ ಬೀಜ ಐವತ್ತು ವರ್ಷಗಳಲ್ಲಿ ಸ್ವದೇಶದ ತೆನೆಯಾಯಿತು. ಮುಂದೆ ಕಾರ್ಮೆಲ್ ಭಗಿನಿಯರು ಶ್ರೀಲಂಕಾಕ್ಕೂ ಕೆನ್ಯಾ ದೇಶಕ್ಕೂ ಸೇವೆಗಾಗಿ ಹೋದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ಆ ಭಗಿನಿಯರು ಮಂಗಳೂರನ್ನು ತಲುಪಿದ 1870ರ ನವೆಂಬರಿನಲ್ಲಿ ಫ್ರಾನ್ಸ್ ದೇಶವು ಪ್ರಷ್ಯದೊಂದಿಗೆ ಯುದ್ಧದಲ್ಲಿ ಸೋಲುತ್ತಿತ್ತು. ಪ್ಯಾರಿಸ್ ನಗರ ಶತ್ರುಗಳ ಮುತ್ತಿಗೆಯಲ್ಲಿತ್ತು. ನಮ್ಮ ಮನೆಗೇ ಬೆಂಕಿ ಬಿದ್ದಿರುವಾಗ ಪರರ ಮಕ್ಕಳ ಓದಿನ ಚಿಂತೆ ನಮಗೇಕೆ ಎಂದು ಅವರು ಅಂದು ಭಾವಿಸಿದ್ದರೆ ನಮ್ಮ ಹೆಣ್ಣುಮಕ್ಕಳು ಇನ್ನೂ ಎಷ್ಟು ಕಾಲ ಕಾಯಬೇಕಾಗುತ್ತಿತ್ತೋ!

ಆ ಋಣವನ್ನು ನಾವು ತೀರಿಸಿದ್ದೇವೆಯೇ? ಶಾಲೆಗಳಿವೆ, ಕಾಲೇಜುಗಳಿವೆ, ಸರಕಾರದ ಕಾನೂನೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಭರವಸೆ ನೀಡಿದೆ. ಆದರೆ ಬಡ ಮನೆಯ ಹುಡುಗಿಯ ಓದಿಗೆ ನಿಜವಾದ ಕಂಟಕ ಎದುರಾಗುವುದು ಆ 14ನೆಯ ವರ್ಷದ ನಂತರವೇ. ಹೈಸ್ಕೂಲು ಊರಿಂದ ದೂರ, ಪಿಯುಸಿ ಕಾಲೇಜು ಇನ್ನೂ ದೂರ. ಬಸ್ಸಿನ ಖರ್ಚು, ಹಾಸ್ಟೆಲಿನ ಖರ್ಚು, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವೂ ಒಟ್ಟಾಗಿ ಬರುತ್ತವೆ. ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿರುವ ಕರಾವಳಿಯ ಅನೇಕ ಹಳ್ಳಿಗಳ ಹುಡುಗಿಯರಿಗೆ ಅದರ ಲಾಭ ದೊರೆಯಲಿಲ್ಲ. ಈ ವಯಸ್ಸಿನಲ್ಲಿಯೇ ತಾಯಿಯೊಡನೆ ಬೀಡಿ ಕಟ್ಟಲು, ಗೇರುಬೀಜದ ಕಾರ್ಖಾನೆಗೆ ಹೋಗಲು, ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಹುಡುಗಿಯ ಕೈ ಬೇಕಾಗುತ್ತದೆ. ಅಣ್ಣನ ಓದು ಮುಂದುವರಿಯುತ್ತದೆ, ತಂಗಿಯದು ನಿಲ್ಲುತ್ತದೆ. ಯಾರೂ ಅವಳನ್ನು ಶಾಲೆಯಿಂದ ಹೊರಹಾಕಿದ್ದಲ್ಲ. ಮುಂದಿನ ಜೂನ್ ತಿಂಗಳಲ್ಲಿ ಅವಳು ಹೋಗಲಿಲ್ಲ, ಅಷ್ಟೆ.

ಒಂದು ಕಾಲದಲ್ಲಿ ಇಂತಹ ಹುಡುಗಿಯರ ನೆರವಿಗೆ ವಿದೇಶಗಳ ದಾನಿಗಳ ಹಣ ಬರುತ್ತಿತ್ತು. ಈಗ ಆ ದಾರಿ ಕಿರಿದಾಗಿದೆ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಹಳ್ಳಿಯ ಸಣ್ಣ ಕಾನ್ವೆಂಟು, ಸಣ್ಣ ಹಾಸ್ಟೆಲುಗಳು ಇದರಿಂದ ಸಂಕಷ್ಟಕ್ಕೀಡಾದವು. ಇದನ್ನು ಕುರಿತು ಕೊರಗುವುದು ಸುಲಭ. ಆದರೆ ನೂರೈವತ್ತು ವರ್ಷ ಕೈಚಾಚಿ ಪಡೆದ ಸಮುದಾಯವೊಂದು ಈಗಲಾದರೂ ತನ್ನ ಜೇಬನ್ನು ತಾನೇ ಮುಟ್ಟಿ ನೋಡಿಕೊಳ್ಳಬೇಡವೇ? ನಮ್ಮ ಮದುವೆಗಳಲ್ಲಿ ರೋಸ್ ಶಾಸ್ತ್ರದಿಂದ ಹಿಡಿದು ಸಭಾಂಗಣದ ಬ್ಯಾಂಡಿನವರೆಗೆ ಆಗುವ ಖರ್ಚನ್ನು ಬಲ್ಲವರು, ನಮ್ಮಲ್ಲಿ ಹಣವಿಲ್ಲವೆಂದು ಹೇಳಲಾರರು.

ಹಾಗಿದ್ದರೆ ಮಾಡಬೇಕಾದುದೇನು? ಪೌಲೀನ್ ಜಾರಿಕೊ ತೋರಿಸಿದ ದಾರಿಯೇ ನಮಗೂ ಸಾಕು. ಪ್ರತಿಯೊಂದು ವಾಳೆಯಲ್ಲಿ ಹತ್ತು ಹತ್ತು ಮನೆಗಳು ಸೇರಲಿ. ಮನೆಯೊಂದಕ್ಕೆ ವಾರಕ್ಕೆ 10 ರೂಪಾಯಿ. ಹತ್ತು ಮನೆಗಳಿಂದ ವರ್ಷಕ್ಕೆ 5,200 ರೂಪಾಯಿ ಆಗುತ್ತದೆ; 300 ಕುಟುಂಬಗಳ ಚರ್ಚಿನಲ್ಲಿ 1,56,000 ರೂಪಾಯಿ. ಒಂದು ಲೋಟ ಚಹಾದ ಬೆಲೆಯಿಂದ ಪ್ರತಿವರ್ಷ ಹಲವು ಹುಡುಗಿಯರ ಬಸ್ಸು, ಪುಸ್ತಕ, ಶುಲ್ಕಗಳ ಹೊರೆ ಇಳಿಯುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳೂ ಇದರಲ್ಲಿ ಕೈಜೋಡಿಸಬಹುದು; ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವನ್ನು ಕಾನೂನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ.

ಆದರೆ ಹಣ ಕೂಡಿದರಷ್ಟೇ ಸಾಲದು. ಅದು ಸರಿಯಾದ ಕೈ ಸೇರಬೇಕು. ಈ ವಿಷಯದಲ್ಲಿಯೂ ಪೌಲೀನಳ ಬಾಳು ನಮಗೊಂದು ಪಾಠ. ಕಾರ್ಮಿಕರಿಗಾಗಿ ಆದರ್ಶ ಕಾರ್ಖಾನೆಯೊಂದನ್ನು ನಡೆಸುವ ಆಸೆಯಿಂದ ಆಕೆ ಅಪ್ರಾಮಾಣಿಕರನ್ನು ನಂಬಿದಳು. ಹಣವೆಲ್ಲ ಮುಳುಗಿತು, ಸಾಲಗಾರಳಾಗಿ, ಬಡವಳಾಗಿ 1862ರಲ್ಲಿ ಆಕೆ ಕಣ್ಣು ಮುಚ್ಚಿದಳು. ಧರ್ಮಸಭೆಯು 2022ರ ಮೇ 22ರಂದು ಲಿಯೋನ್ ನಗರದಲ್ಲಿಯೇ ಆಕೆಗೆ ಧನ್ಯರ ಪದವಿಯನ್ನಿತ್ತು ಗೌರವಿಸಿತು. ಒಳ್ಳೆಯ ಮನಸ್ಸು ಲೆಕ್ಕಪತ್ರದ ಸ್ಥಾನವನ್ನು ತುಂಬಲಾರದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಆದುದರಿಂದ ಈ ನಿಧಿಯ ಜಮಾಖರ್ಚನ್ನು ಚರ್ಚಿನ ಪಾಲನಾ ಪರಿಷತ್ತಿನ ಮುಂದೆ ನಿಯಮಿತವಾಗಿ ಓದಿ ಹೇಳಬೇಕು. ಶುಲ್ಕವನ್ನು ನೇರವಾಗಿ ಶಾಲೆಗೇ ಕಟ್ಟಬೇಕು. ಒಂದು ವರ್ಷ ಕೊಟ್ಟು ಮರುವರ್ಷ ಕೈಬಿಡದೆ, ಕೈಹಿಡಿದ ಹುಡುಗಿಯನ್ನು ಕನಿಷ್ಠ ಪಿಯುಸಿ ಮುಗಿಸುವವರೆಗೆ ನಡೆಸಬೇಕು.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ವೇದಿಕೆಯ ಮೇಲೆ ನಾಲ್ಕು ಜನ ಗಣ್ಯರು, ನಡುವೆ ತಲೆತಗ್ಗಿಸಿ ನಿಂತ ಹುಡುಗಿ, ಅವಳ ಕೈಯಲ್ಲಿ ಒಂದು ಚೆಕ್ಕು, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ! ಆ ಚಿತ್ರವನ್ನು ಅವಳ ಸಹಪಾಠಿಗಳೂ ನೋಡುತ್ತಾರೆಂಬ ಅರಿವು ನಮಗಿರಬೇಡವೇ? 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಇಂದಿಗೂ ಬಡವರ ಮನೆಗೆ ತಾವೇ ಹೋಗುತ್ತಾರೆ. ಅವರ ಸಭೆಯಲ್ಲಿ ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಗುಪ್ತ ಚೀಲ ಸುತ್ತುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಬೋಧನೆ ನಮ್ಮ ಚರ್ಚುಗಳಲ್ಲಿ ಬದುಕಿರುವುದು ಇಂತಹ ಕಡೆ. ಅಂತೆಯೇ, ನೆರವು ಕ್ರೈಸ್ತ ಹುಡುಗಿಯರಿಗೆ ಮಾತ್ರ ಎಂಬ ಗೆರೆ ಎಳೆಯುವುದೂ ಬೇಡ. ನಮ್ಮ ಕಾನ್ವೆಂಟ್ ಶಾಲೆಗಳು ಎಲ್ಲ ಮತಗಳ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದದ್ದರಿಂದಲೇ ನಾಡಿನಲ್ಲಿ ಗೌರವ ಗಳಿಸಿದವು.

ಕೊನೆಯದಾಗಿ, ಸಂಗ್ರಹವಾದುದರಲ್ಲಿ ಹತ್ತರಲ್ಲೊಂದು ಪಾಲು ನಾವು ಎಂದಿಗೂ ಕಾಣದ ಹುಡುಗಿಯರಿಗೆ ಸಲ್ಲಲಿ. ದಕ್ಷಿಣ ಸುಡಾನಿನ ರುಂಬೆಕ್ ಎಂಬಲ್ಲಿ ಲೊರೆಟೊ ಭಗಿನಿಯರು 2008ರಿಂದ ಹುಡುಗಿಯರಿಗಾಗಿ ಪ್ರೌಢಶಾಲೆಯೊಂದನ್ನು ನಡೆಸುತ್ತಿದ್ದಾರೆ. ದನಕರುಗಳನ್ನು ವಧುದಕ್ಷಿಣೆಯಾಗಿ ಪಡೆದು ಎಳೆಯ ಹುಡುಗಿಯರನ್ನು ಮದುವೆ ಮಾಡಿಕೊಡುವ ಆ ನಾಡಿನಲ್ಲಿ, ಓದು ಮುಗಿಯುವವರೆಗೆ ಮದುವೆ ಮಾಡುವುದಿಲ್ಲವೆಂದು ಮನೆಯವರಿಂದ ಬರೆಸಿಕೊಂಡು ಅವರು ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆ. ಆಫ್ಘಾನಿಸ್ತಾನದಲ್ಲಿಯಾದರೋ 2021ರಿಂದ ಹುಡುಗಿಯರಿಗೆ ಪ್ರೌಢಶಾಲೆಯ ಬಾಗಿಲೂ, 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿವೆ. ಅಲ್ಲಿಗೆ ನಮ್ಮ ಹಣ ತಲುಪದಿರಬಹುದು, ಪ್ರಾರ್ಥನೆ ತಲುಪುತ್ತದೆ. ಹಣ ತಲುಪಬಲ್ಲ ಕಡೆಗೆ ಅದನ್ನು ಕಳುಹಿಸಲು ಧರ್ಮಸಭೆಯಲ್ಲಿ ಮಾರ್ಗವಿದೆ. ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1926ರಲ್ಲಿ ಸ್ಥಾಪಿಸಿದ ಮಿಶನ್ ಭಾನುವಾರ ಪ್ರತಿವರ್ಷ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಮುಂಚಿನ ವಾರ ಬರುತ್ತದೆ. ಆ ದಿನದ ಕಾಣಿಕೆ ಪೆಟ್ಟಿಗೆಗೆ ಚಿಲ್ಲರೆ ಹುಡುಕುವ ಅಭ್ಯಾಸವನ್ನು ಬಿಟ್ಟು, ವರ್ಷವಿಡೀ ತೆಗೆದಿರಿಸಿದ ಪಾಲನ್ನು ಭಕ್ತಿಯಿಂದ ಅರ್ಪಿಸೋಣ. ಒಂದು ಕಾಲದಲ್ಲಿ ಲಿಯೋನಿನ ಕೂಲಿ ಹೆಣ್ಣುಮಕ್ಕಳಿಗೂ ನಮ್ಮ ಅಜ್ಜಿಯಂದಿರ ಗುರುತಿರಲಿಲ್ಲ.

ಹೊಸ ತೆನೆಯನ್ನು ಮೊದಲು ದೇವರಿಗೆ ಅರ್ಪಿಸಿ, ಅನಂತರ ಉಣ್ಣುವುದು ನಮ್ಮ ಹಿರಿಯರು ಕಲಿಸಿದ ಪದ್ಧತಿ. ಈ ಹಬ್ಬದಂದು ಊಟಕ್ಕೆ ಕುಳಿತಾಗ ಪ್ರತಿಯೊಂದು ಮನೆಯ ಹಿರಿಯರೂ ಮೊದಲ 10 ರೂಪಾಯಿಯನ್ನು ಮನೆಯ ಹೆಣ್ಣುಮಗಳ ಕೈಯಿಂದಲೇ ತೆಗೆದಿರಿಸಲಿ. ಬಾಲೆ ಮರಿಯಮ್ಮನವರಿಗೆ ಅರ್ಪಿಸಿದ ಹೂವು ಸಂಜೆಗೆ ಬಾಡುತ್ತದೆ. ಈ ಕಾಣಿಕೆ ಬಾಡದು. ಸರ್ವರಿಗೂ ಮೊಂತಿ ಹಬ್ಬದ ಶುಭಾಶಯಗಳು.