ತಾರೆಗಳ ಲೆಕ್ಕದಲ್ಲಿ ಹಳ್ಳದ ನೀರೆಲ್ಲಿ?

ಮಲೆನಾಡಿನ ಊರೊಂದರಲ್ಲಿ ಹೊಸ ರೆಸಾರ್ಟ್ ಬರುತ್ತದೆ ಎಂದಾಗ ಗ್ರಾಮಸ್ಥರ ಮುಂದೆ ಮೊದಲು ಬರುವ ಮಾತು ಅದರ ದರ್ಜೆಯದು. ‘ಪಂಚತಾರಾ ಮಟ್ಟದ್ದು’ ಎಂದೊಡನೆ ಅರ್ಧ ಆಕ್ಷೇಪಣೆಗಳು ಅಲ್ಲಿಯೇ ಅಡಗುತ್ತವೆ. ತಾರೆ ಹೆಚ್ಚಿದಷ್ಟೂ ಶಿಸ್ತು ಹೆಚ್ಚು, ಶಿಸ್ತು ಹೆಚ್ಚಿದಷ್ಟೂ ಊರಿಗೆ ಹಾನಿ ಕಡಿಮೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಗೆ ಎಷ್ಟರಮಟ್ಟಿಗೆ ಆಧಾರವಿದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ನಮ್ಮ ದೇಶದಲ್ಲಿ ಹೋಟೆಲುಗಳಿಗೆ ಅಧಿಕೃತವಾಗಿ ತಾರೆ ನೀಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಒಂದರಿಂದ ಐದು ತಾರೆ, ಅದರ ಮೇಲೆ ಪಂಚತಾರಾ ಡೀಲಕ್ಸ್. ಹಳೆಯ ಅರಮನೆ, ಬಂಗಲೆಗಳಿಗೆ ಪಾರಂಪರಿಕ ಹೋಟೆಲೆಂಬ ಬೇರೆ ವರ್ಗ. ಈ ವ್ಯವಸ್ಥೆ ಕಡ್ಡಾಯವಲ್ಲ. ಮಾಲೀಕರು ಇಚ್ಛಿಸಿ ಅರ್ಜಿ ಹಾಕಿದರೆ ಸಮಿತಿಯೊಂದು ಬಂದು ತಪಾಸಣೆ ನಡೆಸುತ್ತದೆ; ದೊರೆತ ದರ್ಜೆ ಐದು ವರ್ಷ ಊರ್ಜಿತವಾಗಿರುತ್ತದೆ. ಸಮಿತಿಯಲ್ಲಿ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು, ಹೋಟೆಲು ಮತ್ತು ಪ್ರವಾಸ ಉದ್ಯಮದ ಸಂಘಗಳ ಪ್ರತಿನಿಧಿಗಳು ಇರುತ್ತಾರೆ. ಹೋಟೆಲು ನಿಂತಿರುವ ಊರಿನ ಗ್ರಾಮ ಪಂಚಾಯಿತಿಗೆ ಅಲ್ಲಿ ಸ್ಥಾನವಿಲ್ಲ. ಕಡ್ಡಾಯವಲ್ಲದ ಕಾರಣ, ‘ಐಷಾರಾಮಿ’ ಎಂದು ಫಲಕ ಹಾಕಿಕೊಂಡ ರೆಸಾರ್ಟುಗಳೆಲ್ಲ ತಾರೆ ಪಡೆದಿವೆ ಎಂದು ಭಾವಿಸಬೇಕಿಲ್ಲ. ಅಂತರ್ಜಾಲದಲ್ಲಿ ಅತಿಥಿಗಳು ನೀಡುವ ತಾರೆಗಳು ಅವರ ಮೆಚ್ಚುಗೆಯ ಅಂಕಗಳು ಮಾತ್ರ. ಸರ್ಕಾರದ ದರ್ಜೆಗೂ ಅವಕ್ಕೂ ಸಂಬಂಧವಿಲ್ಲ.

ಅಧಿಕೃತ ತಾರೆ ಅಳೆಯುವುದಾದರೂ ಏನನ್ನು? ಪಂಚತಾರಾ ದರ್ಜೆಗೆ ಮಲಗುವ ಕೋಣೆ ಕನಿಷ್ಠ 200 ಚದರ ಅಡಿ ಇರಬೇಕು. ಹವಾನಿಯಂತ್ರಣ, ಈಜುಕೊಳ, ಊಟದ ಶಾಲೆ, ಸ್ನಾನಗೃಹದ ಸೌಕರ್ಯ, ಅಗ್ನಿಸುರಕ್ಷತೆ, ಅಂಗವಿಕಲರಿಗೆ ಅನುಕೂಲ, ಸಿಬ್ಬಂದಿಯ ತರಬೇತಿ, ಹೀಗೆ ಪಟ್ಟಿ ಬೆಳೆಯುತ್ತದೆ. ಗುರುತು ಪರಿಚಯವಿಲ್ಲದ ಊರಿಗೆ ಬರುವ ಪ್ರವಾಸಿಗೆ ಇದರಿಂದ ನಿಜವಾದ ಪ್ರಯೋಜನವಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕೊಳಚೆ ನೀರಿನ ಶುದ್ಧೀಕರಣ, ಮಳೆನೀರು ಸಂಗ್ರಹ, ಕಸ ನಿರ್ವಹಣೆ ಮುಂತಾದ ಪರಿಸರಸ್ನೇಹಿ ಕ್ರಮಗಳೂ ಪಟ್ಟಿಯಲ್ಲಿವೆ. ಆದರೆ ಅಲ್ಲಿ ಕೇಳುವುದು ಘಟಕವಿದೆಯೇ ಎಂಬುದನ್ನು. ನೀರು ಯಾವ ಹಳ್ಳದಿಂದ ಬರುತ್ತದೆ, ಆ ಹಳ್ಳವನ್ನು ನಂಬಿದ ಕೆಳಗಿನ ಮನೆಗಳೆಷ್ಟು, ಗದ್ದೆಗಳೆಷ್ಟು ಎಂಬ ಪ್ರಶ್ನೆ ಅಲ್ಲಿಲ್ಲ. ಒಟ್ಟಿನಲ್ಲಿ ತಾರೆಯು ಅತಿಥಿಯ ಸುಖದ ಅಳತೆ. ಆತಿಥೇಯ ಊರಿನ ಕ್ಷೇಮ ಅದರ ವ್ಯಾಪ್ತಿಗೆ ಬರುವುದಿಲ್ಲ.

ವಾಸ್ತವದಲ್ಲಿ ತಾರೆ ಏರಿದಂತೆ ನೀರಿನ ಬೇಡಿಕೆಯೂ ಏರುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಅಂಕಿಗಳಲ್ಲಿಯೇ ಹೇಳುತ್ತದೆ. ನಾಲ್ಕು ತಾರೆಯವರೆಗಿನ ಹೋಟೆಲಿಗೆ ತಲೆಗೆ ದಿನಕ್ಕೆ 180 ಲೀಟರ್, ಐದು ತಾರೆ ಮತ್ತು ಮೇಲ್ಪಟ್ಟದ್ದಕ್ಕೆ 320 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಡಿ ಗ್ರಾಮಸ್ಥರೊಬ್ಬರಿಗೆ ನಿಗದಿಯಾಗಿರುವುದು 55 ಲೀಟರ್. ಐವತ್ತು ಕೋಣೆಗಳ ಪಂಚತಾರಾ ರೆಸಾರ್ಟಿನಲ್ಲಿ ಕೋಣೆಗಿಬ್ಬರಂತೆ ನೂರು ಜನರಿದ್ದರೆ ದಿನಕ್ಕೆ 32,000 ಲೀಟರ್ ಬೇಕು. ಅದು ಸುಮಾರು 580 ಗ್ರಾಮಸ್ಥರ ಪಾಲಿನ ನೀರು. ಈಜುಕೊಳ, ಹುಲ್ಲುಹಾಸುಗಳ ಲೆಕ್ಕ ಬೇರೆ. ಬಳಸಿದ ನೀರಿನ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಂದರೆ ದಿನಕ್ಕೆ ಸುಮಾರು 25,600 ಲೀಟರ್ ಕೊಳಚೆ. ಶುದ್ಧೀಕರಣ ಘಟಕ ಕೆಟ್ಟು ನಿಂತ ದಿನ ಅದು ಇಳಿಯುವ ದಾರಿ ಒಂದೇ, ಇಳಿಜಾರಿನ ದಾರಿ.

ಕೃಷಿಯ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಇನ್ನಷ್ಟು ಗಂಭೀರ. ಪ್ರವಾಸಿಗರ ದಟ್ಟಣೆ ಏಪ್ರಿಲ್–ಮೇ ತಿಂಗಳ ರಜೆಯಲ್ಲಿ. ಹಳ್ಳಗಳು ಸೊರಗುವುದೂ ಅಡಿಕೆ ತೋಟ ನೀರು ಬೇಡುವುದೂ ಆಗಲೇ. ಮಳೆಗಾಲದಲ್ಲಿ ಧುಮ್ಮಿಕ್ಕುವ ತೊರೆಯನ್ನು ತೋರಿಸಿ ‘ಇಲ್ಲಿ ನೀರಿಗೇನು ಬರ’ ಎನ್ನುವವರು ಬೇಸಿಗೆಯ ಲೆಕ್ಕವನ್ನು ಮರೆಮಾಚುತ್ತಾರೆ. ಕೋಣೆಗಳಿಗೆ ‘ಕಣಿವೆಯ ನೋಟ’ ದೊರಕಿಸಲು ಗುಡ್ಡದ ಬುಡವನ್ನು ಕಡಿದಾಗ ಮೇಲಿನ ಮಣ್ಣು ತನ್ನ ಆಸರೆ ಕಳೆದುಕೊಳ್ಳುತ್ತದೆ. ಮಳೆನೀರು ಇಂಗಿ ಭಾರವಾದ ಮಣ್ಣು ಆಸರೆಯಿಲ್ಲದೆ ಜಾರುವುದು ಸಹಜ. ದರೆ ಕುಸಿತವೆಂದರೇನೆಂದು 2018ರ ಆಗಸ್ಟಿನ ನಂತರ ಕೊಡಗಿನ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇದನ್ನು ತಡೆಯಲು ಬೇರೆ ಕಾನೂನುಗಳಿಲ್ಲವೇ ಎಂದು ಕೇಳಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡಗಳಿಗೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರ್ ಮುಟ್ಟಿದಾಗ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಕ್ಕೆ ಸೂಚಿಸಿದ ಕಟ್ಟಡ ನಿಷೇಧದ ಮಿತಿಯೂ ಅದೇ. ಗುಡ್ಡದ ಮೇಲೆ ಬಿಡಿ ಬಿಡಿಯಾಗಿ ಐವತ್ತು ಕುಟೀರ ಕಟ್ಟುವವರು ಈ ಮಿತಿಯ ಹತ್ತಿರಕ್ಕೂ ಹೋಗಬೇಕಿಲ್ಲ. ಹೀಗೆ ದೊಡ್ಡ ಕಾನೂನಿನ ಜಾಲರಿಯಿಂದ ನುಸುಳಿದ್ದನ್ನು ತಾರೆಯ ದರ್ಜೆಯೂ ಹಿಡಿಯುವುದಿಲ್ಲ.

ಹಾಗೆಂದು ತಾರೆ ಪದ್ಧತಿಯನ್ನೇ ಕೈಬಿಡಬೇಕೆಂದು ನಾನು ವಾದಿಸುವುದಿಲ್ಲ. ಅದನ್ನು ಊರಿನ ಉಪಯೋಗಕ್ಕೆ ತಿರುಗಿಸಲು ಸಾಧ್ಯವಿದೆ. ಗಿರಿಧಾಮಗಳಲ್ಲಿ ಈಜುಕೊಳದ ನಿಬಂಧನೆಯನ್ನು ಸಡಿಲಿಸಬಹುದೆಂದು ಮಾರ್ಗಸೂಚಿಯೇ ಹೇಳುತ್ತದೆ. ಹವಾನಿಯಂತ್ರಣದ ಬದಲು ಕೋಣೆ ಬೆಚ್ಚಗಿಡುವ ವ್ಯವಸ್ಥೆಯನ್ನೂ ಒಪ್ಪುತ್ತದೆ. ಗುಡ್ಡಗಾಡು ಬಯಲಿನಂತಲ್ಲ ಎಂಬ ಅರಿವು ನಿಯಮ ರೂಪಿಸಿದವರಿಗೆ ಇದೆ ಎಂದಾಯಿತು. ಚಳಿಯ ವಿಷಯದಲ್ಲಿ ಒಪ್ಪಿದ್ದನ್ನು ನೀರು ಮತ್ತು ಇಳಿಜಾರಿನ ವಿಷಯದಲ್ಲಿಯೂ ಒಪ್ಪಲು ಅಡ್ಡಿಯೇನು? ತಾರೆಗೆ ಅಧಿಕಾರವಿಲ್ಲ ಎನ್ನುವಂತೆಯೂ ಇಲ್ಲ. ಕೇರಳ ಸರ್ಕಾರ 2014ರಲ್ಲಿ ಮದ್ಯದ ಬಾರುಗಳನ್ನು ಪಂಚತಾರಾ ಹೋಟೆಲುಗಳಿಗಷ್ಟೇ ಸೀಮಿತಗೊಳಿಸಿತು. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಮುಂದಿನ ಸರ್ಕಾರ ಮೂರು ತಾರೆಗೂ ಅವಕಾಶ ನೀಡಿತು. ಮದ್ಯದ ಪರವಾನಗಿಯನ್ನು ತಾರೆಗೆ ಗಂಟುಹಾಕಬಹುದಾದರೆ, ತಾರೆಯನ್ನು ಬೇಸಿಗೆಯ ಹಳ್ಳದ ನೀರಿಗೆ ಗಂಟುಹಾಕಲು ಏಕಾಗದು?

ಪ್ರವಾಸೋದ್ಯಮದಿಂದ ನಮ್ಮ ಹಲವು ಕುಟುಂಬಗಳು ಬದುಕುತ್ತಿವೆ. ಕಾಫಿ, ಅಡಿಕೆ, ಕಾಳುಮೆಣಸಿನ ಬೆಲೆ ಬಿದ್ದ ವರ್ಷಗಳಲ್ಲಿ ಹೋಂಸ್ಟೇ ಆಸರೆಯಾದದ್ದು ಸುಳ್ಳಲ್ಲ. ಹಳ್ಳ ಬತ್ತಿದರೆ ಬತ್ತುವುದು ಆ ಆಸರೆಯೂ ಹೌದು. ಆದುದರಿಂದ ಗುಡ್ಡಗಾಡಿನ ಹೋಟೆಲಿಗೆ ದರ್ಜೆ ನೀಡುವ ಮೊದಲು ನಾಲ್ಕು ವಿಷಯಗಳಿಗೆ ಲಿಖಿತ ಉತ್ತರ ಪಡೆಯಬೇಕೆಂದು ನಾವು ಒತ್ತಾಯಿಸಬೇಕು: ಬೇಸಿಗೆಯಲ್ಲಿ ನೀರಿನ ಮೂಲ ಯಾವುದು, ಕೊಳಚೆ ಎಲ್ಲಿಗೆ ಹೋಗುತ್ತದೆ, ಎಷ್ಟು ಗುಡ್ಡ ಕಡಿದು ಮಣ್ಣನ್ನು ಎಲ್ಲಿ ಸುರಿಯಲಾಗಿದೆ, ಕಸವನ್ನು ಯಾರು ಒಯ್ಯುತ್ತಾರೆ. ಉತ್ತರಗಳನ್ನು ಗ್ರಾಮಸಭೆಯಲ್ಲಿ ಓದಿಸಬೇಕು. ಕಟ್ಟಡಕ್ಕೆ ಅನುಮತಿ ಕೇಳಿ ಅರ್ಜಿ ಬಂದಾಗ ಪಂಚಾಯಿತಿ ಇದೇ ಪ್ರಶ್ನೆಗಳನ್ನು ಇಂದಿನಿಂದಲೇ ಕೇಳಬಹುದು.

ವಿದ್ಯಾರ್ಥಿ ಮಿತ್ರರಿಗೆ ಇಲ್ಲೊಂದು ಕೆಲಸವಿದೆ. ಏಪ್ರಿಲಿನಲ್ಲಿ ನಿಮ್ಮೂರಿನ ಸಣ್ಣ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿ, ನೀರೆಲ್ಲ ಒಂದು ದಬ್ಬೆಯಲ್ಲಿ ಬೀಳುವಂತೆ ಮಾಡಿ. ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಇಪ್ಪತ್ತು ಸೆಕೆಂಡಾದರೆ ಹಳ್ಳದಲ್ಲಿ ದಿನಕ್ಕೆ ಹರಿಯುವುದು 43,200 ಲೀಟರ್. ಮೇಲೆ ಹೇಳಿದ ರೆಸಾರ್ಟ್ ಒಂದೇ ಅದರ ಮುಕ್ಕಾಲು ಪಾಲನ್ನು ಹೀರುತ್ತದೆ. ವಾರಕ್ಕೊಮ್ಮೆ ಅಳೆದು, ಮೂರು ಬೇಸಿಗೆಗಳ ಅಂಕಿಗಳನ್ನು ಪಂಚಾಯಿತಿಯ ಕಡತಕ್ಕೆ ಸೇರಿಸಿ. ಮುಂದೆ ಯಾರಾದರೂ ತಾರೆಗಳನ್ನು ಎಣಿಸಿ ತೋರಿಸಿದಾಗ ಊರಿನವರು ಲೀಟರುಗಳನ್ನು ಎಣಿಸಿ ತೋರಿಸುವಂತಾಗಲಿ.