ಸಹಿ ಹಾಕೋಕೆ ಮುಂಚೆ ಕೇಳಿ: ರಾಜೀನಾಮೆಯೋ, ಪಿಂಚಣಿಯೋ?

ಕಳೆದ ವಾರ ದಾವಣಗೆರೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಗೆ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಸ್ಪತ್ರೆ ಚೀಟಿಗಳು, ಸ್ಕ್ಯಾನಿಂಗ್ ಹಾಳೆ, ಎಲ್ಲಕ್ಕಿಂತ ಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. "ಇದಕ್ಕೆ ನಮ್ಮನೆಯವರ ಸಹಿ ಬೇಕಂತೆ. ಹಾಕಿಸ್ಲಾ, ಬ್ಯಾಡಾ?" ಎಂದರು.

ಬಿಚ್ಚಿ ನೋಡಿದೆ. ಟೈಪು ಮಾಡಿದ ರಾಜೀನಾಮೆ ಪತ್ರ. ಸ್ವಂತ ಕಾರಣದಿಂದ, ಯಾರ ಒತ್ತಾಯವೂ ಇಲ್ಲದೆ ಕೆಲಸ ಬಿಡುತ್ತಿದ್ದೇನೆ ಎಂದು ಒಕ್ಕಣೆ. ಒತ್ತಾಯವೇ ಇಲ್ಲದ ಕಾಗದವನ್ನು ಸೂಪರ್‌ವೈಸರ್ ಮನೆತನಕ ತಂದುಕೊಟ್ಟು, ಮೂರು ಸಲ ಫೋನ್ ಮಾಡಿ, "ಬಲಗೈ ಏಳದಿದ್ರೆ ಎಡಗೈ ಹೆಬ್ಬೆಟ್ಟಾದ್ರೂ ಒತ್ತಿಸಿ" ಅಂತ ಹೇಳಿದ್ದಾನೆ. ಒತ್ತಾಯ ಅಂದ್ರೆ ಇನ್ನು ಹ್ಯಾಗಿರಬೇಕು ಸ್ವಾಮಿ?

ಆ ಮನುಷ್ಯನಿಗೆ 41 ವರ್ಷ. ಹರಿಹರದ ಕಡೆಯ ಒಂದು ಕಾರ್ಖಾನೆಯಲ್ಲಿ 12 ವರ್ಷ ಯಂತ್ರ ನಡೆಸಿದವರು. ಹೆಸರು ಬೇಡ, ಕಾರ್ಖಾನೆಯ ಹೆಸರೂ ಬೇಡ. ಇಂಥ ಕಾಗದ ಅದೊಂದೇ ಕಾರ್ಖಾನೆಯಲ್ಲಿ ಟೈಪಾಗುತ್ತದೆ ಅಂತ ಯಾರೂ ತಿಳಿಯುವುದು ಬೇಡ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದೆ. ಮಾತು ತೊದಲು. ಎರಡು ಮಕ್ಕಳು, ದೊಡ್ಡವಳು ಎಸ್ಸೆಸ್ಸೆಲ್ಸಿ. ಯಂತ್ರದ ಮುಂದೆ ಮತ್ತೆ ನಿಲ್ಲುವ ಮಾತು ಇಲ್ಲ ಅಂತ ವೈದ್ಯರು ಬರೆದುಕೊಟ್ಟಿದ್ದಾರೆ.

ಸಹಿ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಅನ್ನೋದನ್ನ ಆ ತಾಯಿಗೆ ಹೇಳಿದ ಹಾಗೇ ನಿಮಗೂ ಹೇಳುತ್ತೇನೆ. ಯಾಕಂದ್ರೆ ಬೆಳಗ್ಗೆ ಹರಿಹರದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರಲ್ಲಿ ಎಷ್ಟು ಮಂದಿಗೆ ಈ ವಿಷಯ ಗೊತ್ತಿದೆ ಎಂದು ಎರಡು ದಿವಸ ಕೇಳುತ್ತಾ ಬಂದೆ. ಪಿ.ಎಫ್. ಹಿಡೀತಾರೆ ಅನ್ನೋದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಪಿಂಚಣಿ ಅಂತ ಒಂದಿದೆ, ಅದು 58 ವರ್ಷದ ಮುದುಕರಿಗೆ ಮಾತ್ರ ಅಲ್ಲ ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ.

1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಜಾರಿಯಲ್ಲಿದೆ. ಮಾಲೀಕ ಕಟ್ಟುವ ವಂತಿಗೆಯಲ್ಲಿ ಸಂಬಳದ ಶೇ. 8.33ರಷ್ಟು ಅದಕ್ಕೆ ಹೋಗುತ್ತದೆ. ಆ ಯೋಜನೆಯ 15ನೆಯ ಕಲಮು ಹೇಳೋದು ಇಷ್ಟು: ಸೇವೆಯಲ್ಲಿದ್ದಾಗಲೇ ನೌಕರ ಶಾಶ್ವತವಾಗಿ, ಪೂರ್ತಿಯಾಗಿ ಅಶಕ್ತನಾದರೆ ಅವನಿಗೆ ಜೀವಾವಧಿ ಪಿಂಚಣಿ. ಅಶಕ್ತನಾದ ಮರುದಿನದಿಂದಲೇ ಲೆಕ್ಕ. ಹತ್ತು ವರ್ಷದ ಸೇವೆ ಆಗಿರಬೇಕೆಂಬ ನಿಯಮ ಇಲ್ಲಿ ಇಲ್ಲ. ಒಂದೇ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಗಾಯ ಕಾರ್ಖಾನೆಯೊಳಗೇ ಆಗಿರಬೇಕು ಅಂತಲೂ ಇಲ್ಲ. ಲಕ್ವ ಮನೆಯಲ್ಲಿ ಮಲಗಿದ್ದಾಗ ಹೊಡೆದರೂ ಲಕ್ವವೇ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಗುಮಾಸ್ತರು ಇದನ್ನು ಓದುವುದೇ ಇಲ್ಲ. ವೈದ್ಯಕೀಯ ಮಂಡಳಿ ನೋಡಬೇಕಾದದ್ದು, ಈತ ಅಶಕ್ತನಾದಾಗ ಯಾವ ಕೆಲಸ ಮಾಡುತ್ತಿದ್ದನೋ ಆ ಕೆಲಸಕ್ಕೆ ಶಾಶ್ವತವಾಗಿ, ಪೂರ್ತಿಯಾಗಿ ಅನರ್ಹನೋ ಅಲ್ಲವೋ ಎಂಬುದನ್ನು. ಆ ಕೆಲಸಕ್ಕೆ! ಎಡಗೈಯಲ್ಲಿ ಬೀಡಾ ಕಟ್ಟಬಹುದಲ್ಲ, ಗೇಟಿನಲ್ಲಿ ಕುಳಿತುಕೊಳ್ಳಬಹುದಲ್ಲ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. "ನೂರಕ್ಕೆ ನೂರು ಅಂಗವಿಕಲ ಅಂತ ಸರ್ಟಿಫಿಕೇಟ್ ತಗೊಂಬಾ" ಎಂದು ಕಿಟಕಿಯಿಂದಲೇ ವಾಪಸು ಕಳಿಸುವವರಿಗೆ ಈ ಸಾಲನ್ನು ಅಚ್ಚು ಹಾಕಿಸಿ ತೋರಿಸಬೇಕು.

ಇನ್ನು ಲೆಕ್ಕ. ಅಂಗಡಿಯವರಿಗೆ ಲೆಕ್ಕ ಹೇಳದಿದ್ದರೆ ಮಾತು ಇಳಿಯೋದಿಲ್ಲ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನಮ್ಮ ಮನುಷ್ಯನ ಸರಾಸರಿ 14,000, ಸೇವೆ 12 ವರ್ಷ. ಅಲ್ಲಿಗೆ ತಿಂಗಳಿಗೆ 2,400 ರೂಪಾಯಿ. ಹೆಚ್ಚೇನಲ್ಲ, ಬಾಡಿಗೆ ಮನೆಗೂ ಸಾಲದು. ಈ ಯೋಜನೆಯ ಪಿಂಚಣಿಗೆ 2014ರಲ್ಲಿ 1,000 ರೂಪಾಯಿಯ ಕನಿಷ್ಠ ಮಟ್ಟ ಗೊತ್ತುಮಾಡಿದರು. ಸಾವಿರ ರೂಪಾಯಿಗೆ ಈಗ ಏನು ಬರುತ್ತದೆ ಅಂತ ಚೌಕಿಪೇಟೆಯವರೇ ಹೇಳಬೇಕು. ಆದರೂ ನೋಡಿ, ರಾಜೀನಾಮೆಗೆ ಸಹಿ ಬಿದ್ದರೆ ಈ 2,400 ಈಗ ಬರೋದಿಲ್ಲ. ಪೂರ್ತಿ ಪಿಂಚಣಿ ಬೇಕಿದ್ದರೆ 58ರ ತನಕ ಕಾಯಬೇಕು, 17 ವರ್ಷ. ಆ 17 ವರ್ಷಕ್ಕೆ ಲೆಕ್ಕ ಹಾಕಿದರೆ 4,89,600 ರೂಪಾಯಿ. 50ಕ್ಕೇ ತೆಗೆದುಕೊಳ್ಳುತ್ತೇನೆ ಅಂದರೆ ವರ್ಷಕ್ಕೆ ಶೇ. 4ರಂತೆ ಕಡಿತ. ನಡುವೆ ಆತ ತೀರಿಕೊಂಡರೆ ಹೆಂಡತಿ ಮಕ್ಕಳ ಪಿಂಚಣಿಗೂ ಹತ್ತಾರು ಪ್ರಶ್ನೆ.

ಹತ್ತು ವರ್ಷ ತುಂಬದವರ ಗತಿ ಇನ್ನೂ ಕೆಟ್ಟದ್ದು. ಅವರ ಕೈಲಿ 10-ಸಿ ಫಾರಂ ತುಂಬಿಸಿ, ಪಿಂಚಣಿ ಖಾತೆಯ ಹಣವನ್ನೇ ಒಂದು ಸಲಕ್ಕೆ ಕೊಟ್ಟು ಮುಗಿಸಿಬಿಡುತ್ತಾರೆ. ಬೇಕಾದದ್ದು 10-ಡಿ. ಸಿ ಅಕ್ಷರಕ್ಕೂ ಡಿ ಅಕ್ಷರಕ್ಕೂ ನಡುವೆ ಒಂದು ಸಂಸಾರ ಮುಳುಗಿಹೋಗುತ್ತದೆ.

ಇದನ್ನು ಬಲ್ಲೆ. ನಮ್ಮಪ್ಪ ನೂಲಿನ ಗಿರಣಿಯಲ್ಲಿದ್ದರು. ಹತ್ತಿ ಧೂಳು ಕುಡಿದೂ ಕುಡಿದೂ ಎದೆ ಹೋಯಿತು. ಎಂಟು ವರ್ಷದ ಸರ್ವೀಸು. ಆಫೀಸಿನಲ್ಲಿ ಕೂರಿಸಿ, ಚಹಾ ಕುಡಿಸಿ ಸಹಿ ಹಾಕಿಸಿಕೊಂಡರು. ಬಂದ ದುಡ್ಡು ಮನೆಯ ಹಂಚಿಗೂ ಅಕ್ಕನ ಮದುವೆಗೂ ಸರಿಹೋಯಿತು. ನಾನು ಪಿ.ಯು.ಸಿ. ಪುಸ್ತಕ ಮಾರಿದ್ದು ಆ ವರ್ಷವೇ. ಹತ್ತಿ ಧೂಳಿನ ಆ ರೋಗ ಕಾಯ್ದೆಯ ಪಟ್ಟಿಯಲ್ಲೇ ಇರುವ ಔದ್ಯೋಗಿಕ ರೋಗ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಅಪ್ಪ ಇರಲಿಲ್ಲ. ಇರಲಿ.

ಮಾಲೀಕರು ಯಾಕೆ ಹೀಗೆ ಮಾಡ್ತಾರೆ? ಪಿಂಚಣಿ ಅವರ ಗಲ್ಲಾದಿಂದ ಹೋಗೋದಿಲ್ಲ, ನಿಧಿಯಿಂದ ಹೋಗುತ್ತದೆ. ಆದರೂ ಬಹಳ ಕಡೆ ಫೈಲು ಮುಚ್ಚುವ ಅವಸರ. ಕಾಯಿಲೆ ರಜೆಯಲ್ಲಿರುವ ನೌಕರನನ್ನು ಕೆಲಸದಿಂದ ತೆಗೆಯಬಾರದು ಅಂತ 1948ರ ಇ.ಎಸ್.ಐ. ಕಾಯ್ದೆ ತನ್ನ 73ನೆಯ ಕಲಮಿನಲ್ಲಿ ಬರೆದಿತ್ತು. ನಾವು ತೆಗೆಯಲಿಲ್ಲ, ಅವನೇ ಬಿಟ್ಟ ಅನ್ನಿಸಿಬಿಟ್ಟರೆ? ಈ ಟೈಪು ಕಾಗದ ಹುಟ್ಟಿದ್ದು ಅಲ್ಲಿ. ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಬಂದಿತು. ಕಾಗದದ ಒಕ್ಕಣೆ ಮಾತ್ರ ಹಳೆಯದೇ.

ಇನ್ನೊಂದು ಅಕ್ಷರದ ಕಥೆ ಇದೆ. ನೌಕರ ಬಿಟ್ಟ ಮೇಲೆ ಮಾಲೀಕ ಪಿ.ಎಫ್. ಲೆಕ್ಕದಲ್ಲಿ ಬಿಟ್ಟ ಕಾರಣ ತುಂಬಬೇಕು. ಸುಮ್ಮನೆ ಕೆಲಸ ನಿಂತರೆ ಸಿ, ಶಾಶ್ವತ ಅಶಕ್ತತೆಯಾದರೆ ಪಿ. ಗುಮಾಸ್ತ ಅಭ್ಯಾಸಬಲದಿಂದ ಸಿ ಒತ್ತುತ್ತಾನೆ. ಅದನ್ನು ತಿದ್ದಿಸೋಕೆ ಲಕ್ವ ಹೊಡೆದವನು ಅಲೆಯಬೇಕು. ಆದ್ದರಿಂದ ಕೊಡುವ ಪತ್ರದಲ್ಲೇ, "ಸೇವೆಯಲ್ಲಿದ್ದಾಗ ಇಂಥ ತಾರೀಖಿನಿಂದ ಅಶಕ್ತನಾಗಿದ್ದೇನೆ, 15ನೆಯ ಕಲಮಿನಂತೆ ಪಿಂಚಣಿಗೆ ಕಳಿಸಿಕೊಡಿ" ಎಂದು ಬರೆದು, ಸ್ವೀಕೃತಿ ಸಹಿ ತೆಗೆದುಕೊಳ್ಳಬೇಕು. ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟ್ ಇದ್ದೇ ಇದೆ.

ಆತುರದಲ್ಲಿ ಸಹಿ ಹಾಕೋದು ಬೇಡ ಅನ್ನೋದಕ್ಕೆ ಬೇರೆ ಕಾರಣವೂ ಉಂಟು. ಇ.ಎಸ್.ಐ. ಇದ್ದವರಿಗೆ ಸಾಮಾನ್ಯ ಕಾಯಿಲೆಗೆ ವರ್ಷದಲ್ಲಿ 91 ದಿನ ಸಂಬಳದ ಶೇ. 70 ಸಿಗುತ್ತದೆ. ಅರ್ಧಾಂಗ ಲಕ್ವದಂಥ ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಮತ್ತು ವಂತಿಗೆ ಸರಿಯಾಗಿದ್ದರೆ, ಶೇ. 80ರಂತೆ ಎರಡು ವರ್ಷದ ತನಕ. ಸಹಿ ಕೇಳಲು ಬಂದ ಸೂಪರ್‌ವೈಸರ್ ಇದನ್ನು ಹೇಳಿದನೇ? ಆ ತಾಯಿ ನಕ್ಕರು ಅಷ್ಟೇ.

ಕೆಲಸದಲ್ಲೇ ಕೈ ಬೆರಳು ಹೋದವರ ಹಾದಿ ಬೇರೆ. ಮಂಡಳಿ ಗಳಿಕೆ ಶಕ್ತಿಯಲ್ಲಿ ಎಷ್ಟು ಹೋಯಿತು ಅಂತ ನಿಗದಿ ಮಾಡುತ್ತದೆ. ದಿನದ ಸರಾಸರಿ ಸಂಬಳ 500 ಇದ್ದು ಶೇ. 40 ಹೋಗಿದೆ ಅಂದರೆ, 500ರ ಶೇ. 90 ಎಂದರೆ 450, ಅದರ ಶೇ. 40 ಎಂದರೆ ದಿನಕ್ಕೆ 180 ರೂಪಾಯಿ, ಬದುಕಿರುವ ತನಕ. ಕೆಲಸಕ್ಕೆ ಮರಳಿ ಹೋದರೂ ಅದು ನಿಲ್ಲುವುದಿಲ್ಲ. ಅಶಕ್ತತೆಯಿಂದ ಕೆಲಸ ಹೋದರೂ ವರ್ಷಕ್ಕೆ 120 ರೂಪಾಯಿ ಕಟ್ಟಿ ನಿವೃತ್ತಿಯ ವಯಸ್ಸಿನ ತನಕ ಇ.ಎಸ್.ಐ. ಚಿಕಿತ್ಸೆ ಉಳಿಸಿಕೊಳ್ಳಬಹುದು. ಬಸ್ಸಿನವರು ಗಮನಿಸಿ: ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವನ್ನೂ, ಹೊತ್ತು ಹಾದಿ ತಾಳೆಯಾದರೆ, ಕೆಲಸದ ಅಪಘಾತವೆಂದೇ ಎಣಿಸಬೇಕೆಂದು 2010ರಲ್ಲಿ ಕಾಯ್ದೆಗೆ ಸೇರಿಸಿದರು. ಹೊಸ ಸಂಹಿತೆಯಲ್ಲೂ ಅದಿದೆ. ಟಿಕೆಟ್ ಹರಿದು ಕಿವಿ ತುರಿಸಿಕೊಳ್ಳುವ ಅಭ್ಯಾಸ ಬಿಡುವುದು ಒಳ್ಳೆಯದು. ಗ್ರಾಚುಟಿಗೂ ಐದು ವರ್ಷದ ಕಟ್ಟು ಅಶಕ್ತನಾದವನಿಗೆ ಇಲ್ಲ.

ಸರಕಾರಿ ನೌಕರರು, ಸಾರಿಗೆ ಸಂಸ್ಥೆಯವರು ಇದಕ್ಕಿಂತ ಗಟ್ಟಿ ನೆಲದ ಮೇಲಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಮಿನ ಪ್ರಕಾರ ಸೇವೆಯಲ್ಲಿದ್ದಾಗ ಅಂಗವಿಕಲನಾದವನನ್ನು ಮನೆಗೆ ಕಳಿಸುವ ಹಾಗಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ತೆಲಂಗಾಣದ ಒಬ್ಬ ಬಸ್ ಚಾಲಕನನ್ನು ಬಣ್ಣಗುರುಡು ಅಂತ 2016ರಲ್ಲಿ ನಿವೃತ್ತಿ ಮಾಡಿಸಿದ್ದರು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದೇ ಸಂಬಳದ ಬೇರೆ ಕೆಲಸ ಕೊಡಿ, ಬಾಕಿ ಸಂಬಳದಲ್ಲಿ ಶೇ. 25 ಕೊಡಿ ಎಂದಿತು. ಒಂಬತ್ತು ವರ್ಷ ಹಿಡಿಯಿತು ಅನ್ನೋದೂ ನೆನಪಿರಲಿ.

ಅಂಗಡಿ ಮಾಲೀಕರೇ, ನಿಮಗೂ ಒಂದು ಮಾತು. ಹತ್ತು ಜನ ಕೆಲಸದವರಿದ್ದರೆ ಇ.ಎಸ್.ಐ., ಇಪ್ಪತ್ತಾದರೆ ಪಿ.ಎಫ್. ಮಂಡಿಪೇಟೆಯಲ್ಲಿ ಹತ್ತೊಂಬತ್ತನೆಯ ಹುಡುಗನ ನಂತರ ಹುಡುಗರೇ ಹುಟ್ಟೋದಿಲ್ಲ ಅನ್ನೋ ವಿಸ್ಮಯ ನಮಗೂ ಗೊತ್ತಿದೆ. ಮೂರೇ ಹುಡುಗರಿದ್ದರೆ ಈ ಯಾವ ಆಸರೆಯೂ ಅವರಿಗಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ ಇದೆ, ಅಪಘಾತದಲ್ಲಿ ಪೂರ್ತಿ ಅಶಕ್ತನಾದರೆ 2 ಲಕ್ಷ. ಎರಡು ಚಹಾದ ದುಡ್ಡು. ಕಾಯಿಲೆಗೆ ಅದು ಬರುವುದಿಲ್ಲ, ಅಪಘಾತಕ್ಕೆ ಮಾತ್ರ.

ನಮ್ಮ ಒತ್ತಾಯ ದೊಡ್ಡದೇನಲ್ಲ. ವೈದ್ಯಕೀಯ ಮಂಡಳಿ ಕೂರುವ ದಿನವನ್ನು ಮೊದಲೇ ಫಲಕದಲ್ಲಿ ಹಾಕಲಿ. ಎದ್ದು ನಿಲ್ಲಲಾರದವನನ್ನು ಮಹಡಿ ಹತ್ತಿಸಿ ತಪಾಸಣೆ ಮಾಡುವ ಬದಲು ವೈದ್ಯರೇ ಕೆಳಗೆ ಇಳಿದು ಬರಲಿ. ಕಾರ್ಮಿಕ ಇಲಾಖೆಯವರು ಇಂಥ ಟೈಪು ರಾಜೀನಾಮೆಗಳನ್ನು ಕಂಡಾಗ ಆಸ್ಪತ್ರೆ ಚೀಟಿಯ ತಾರೀಖನ್ನೂ ರಾಜೀನಾಮೆಯ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಯೂನಿಯನ್ನಿನವರು ಬೋನಸ್ ಕಾಲದಲ್ಲಿ ಮಾತ್ರ ಗೇಟಿನ ಮುಂದೆ ನಿಲ್ಲದೆ 10-ಡಿ ತುಂಬಿಕೊಡಲು ಒಬ್ಬ ಹುಡುಗನನ್ನು ಕೂರಿಸಲಿ. ವಕೀಲರ ಫೀಜಿಗೆ ಹೆದರುವವರಿಗೆ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆಯಂತೆ ಕಾರ್ಖಾನೆ ಕಾರ್ಮಿಕನಿಗೂ ಅಂಗವಿಕಲನಿಗೂ ಆದಾಯ ಕೇಳದೆ ಪುಕ್ಕಟೆ ನೆರವು ಕೊಡಬೇಕು.

ಪಿ.ಎಫ್.ನವರು ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಗೂ ಬಂದು ಅಹವಾಲು ಕೇಳುವ ಶಿಬಿರ ನಡೆಸುತ್ತಾರೆ, ರಜೆ ಬಿದ್ದರೆ ಮಾರನೆಯ ಕೆಲಸದ ದಿನ. ಆ ತಾಯಿ ಈ ಸಲ ಹೋಗುತ್ತಾರೆ. ಗಂಡನನ್ನು ಕರೆದುಕೊಂಡು ಹೋಗಲು ಮೈದುನ ಆಟೋ ತರುತ್ತೇನೆ ಅಂದಿದ್ದಾನೆ. ಚೀಲದಲ್ಲಿ 10-ಡಿ ಅರ್ಜಿ, ವೈದ್ಯರ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ ಜೋಡಿಸಿಟ್ಟಿದ್ದೇವೆ. ರಾಜೀನಾಮೆ ಕಾಗದ ಅವರ ಮನೆಯ ಟಿ.ವಿ. ಮೇಲಿದೆ. ಸಹಿ ಆಗಿಲ್ಲ. ನಿನ್ನೆ ಸಂಜೆ ಸೂಪರ್‌ವೈಸರ್ ನಾಲ್ಕನೆಯ ಸಲ ಫೋನ್ ಮಾಡಿದ್ದನಂತೆ. ಎತ್ತಿದ್ದು ಎಸ್ಸೆಸ್ಸೆಲ್ಸಿ ಮಗಳು. "ಅಪ್ಪಂಗೆ 15ನೇ ಕಲಮು ಐತಂತೆ ಸಾರ್" ಅಂದಳಂತೆ.